ಟೆಂಡರ್‌ಶ್ಯೂರ್ ಫುಟ್‌ಪಾತ್: ಹತ್ತು ವರ್ಷ ತುಳಿಸಿಕೊಂಡ ಮೇಲೆ ಹೇಗಿದೆ?

ಬೆಂಗಳೂರಿನ ರೆಸಿಡೆನ್ಸಿ ರಸ್ತೆ, ರಿಚ್ಮಂಡ್ ರಸ್ತೆ, ಸೇಂಟ್ ಮಾರ್ಕ್ಸ್ ರಸ್ತೆ, ಮ್ಯೂಸಿಯಂ ರಸ್ತೆ, ಕಮಿಸರಿಯೇಟ್ ರಸ್ತೆ, ಕನ್ನಿಂಗ್‌ಹ್ಯಾಮ್ ರಸ್ತೆ, ವಿಠಲ್ ಮಲ್ಯ ರಸ್ತೆ. ಟೆಂಡರ್‌ಶ್ಯೂರ್ ಯೋಜನೆಯ ಮೊದಲ ಕಂತಿಗೆ ಆರಿಸಿಕೊಂಡದ್ದು ಈ ಏಳನ್ನು. ರಸ್ತೆ, ಫುಟ್‌ಪಾತ್, ನೆಲದಡಿಯ ಕೊಳವೆ, ಕೇಬಲ್ ಎಲ್ಲವನ್ನೂ ಒಂದೇ ವಿನ್ಯಾಸದಲ್ಲಿ ಹೊಸದಾಗಿ ಕಟ್ಟುವ ಯೋಜನೆ ಇದು. ಜನಾ ಅರ್ಬನ್ ಸ್ಪೇಸ್ ಸಂಸ್ಥೆ ಸಿದ್ಧಪಡಿಸಿದ ಮಾರ್ಗಸೂಚಿಯನ್ನು ಸರ್ಕಾರವೂ ಪಾಲಿಕೆಯೂ ಒಪ್ಪಿಕೊಂಡು ಟೆಂಡರ್ ಕರೆದವು. ಮೊದಲ ಕೆಲವು ರಸ್ತೆಗಳು 2015ರ ಹೊತ್ತಿಗೆ ಬಳಕೆಗೆ ಬಂದವು. ಆಮೇಲೆ ನೃಪತುಂಗ ರಸ್ತೆ, ಕೆಂಪೇಗೌಡ ರಸ್ತೆ, ಚರ್ಚ್ ಸ್ಟ್ರೀಟ್ ಎಂದು ಪಟ್ಟಿ ಬೆಳೆಯಿತು. ಹೊಸದರಲ್ಲಿ ಎಲ್ಲ ಫುಟ್‌ಪಾತೂ ಚೆನ್ನಾಗಿಯೇ ಕಾಣುತ್ತದೆ. ಹತ್ತು ಮಳೆಗಾಲ ಕಳೆದ ಮೇಲೆ ಅಳೆದರೆ ಮಾತ್ರ ಸರಕಿನ ಗುಣ ಗೊತ್ತಾಗುವುದು.

ತೀರ್ಪು ಮೊದಲೇ ಹೇಳಿಬಿಡುತ್ತೇನೆ. ರಸ್ತೆಯುದ್ದಕ್ಕೂ ನಡೆಯುವವರಿಗೆ ಈ ನಗರದ ಪಾಲಿಕೆ ಇದುವರೆಗೆ ಕೊಟ್ಟದ್ದರಲ್ಲಿ ಇದೇ ಅತ್ಯುತ್ತಮ. ರಸ್ತೆ ದಾಟುವವರಿಗೆ ಅಷ್ಟಕ್ಕಷ್ಟೆ. ಕಟ್ಟಡಗಳ ಗೇಟಿನ ಮುಂದೆ ಬಹಳ ಕಡೆ ಸೋತಿದೆ. ಗೆದ್ದಲ್ಲಿ ಅದು ಗೆದ್ದದ್ದು ಮೇಲಿನ ಕಲ್ಲಿನಿಂದಲ್ಲ, ನೆಲದಡಿ ಹೂತಿಟ್ಟ ಕೊಳವೆಗಳಿಂದ. ಬೇರೆ ಬಡಾವಣೆಗಳಲ್ಲಿ ಇದನ್ನು ನಕಲು ಮಾಡುವವರು ಕಲ್ಲನ್ನು ಮಾತ್ರ ನಕಲು ಮಾಡುತ್ತಾರೆ, ತೊಂದರೆ ಇರುವುದು ಅಲ್ಲೇ.

ಹಳೆಯ ಫುಟ್‌ಪಾತ್ ಏಕೆ ಹಾಳಾಗುತ್ತಿತ್ತು ಎಂಬುದನ್ನು ಮೊದಲು ನೋಡಬೇಕು. ಬೆಂಗಳೂರಿನ ಬಹುಪಾಲು ರಸ್ತೆಗಳಲ್ಲಿ ಫುಟ್‌ಪಾತ್ ಅನ್ನುವುದು ಅಸಲಿಗೆ ಚರಂಡಿಯ ಮುಚ್ಚಳ. ಎರಡು ಬದಿಗೆ ಗೋಡೆ, ನಡುವೆ ಮಳೆನೀರಿನ ಕಾಲುವೆ, ಮೇಲೆ ಸಾಲಾಗಿ ಹೊದಿಸಿದ ಕಲ್ಲು ಚಪ್ಪಡಿ. ಹೂಳೆತ್ತಬೇಕೆಂದರೆ ಚಪ್ಪಡಿ ಎತ್ತಲೇಬೇಕು. ಹಾರೆ ಹಾಕಿ ಎಬ್ಬಿಸಿದಾಗ ಅಂಚು ಒಡೆಯುತ್ತದೆ, ವಾಪಸ್ ಕೂರಿಸುವಾಗ ಗಾರೆ ಇರುವುದಿಲ್ಲ, ಒಂದೆರಡು ಚಪ್ಪಡಿ ಸಿಗುವುದೇ ಇಲ್ಲ. ಎತ್ತಿದ ಹೂಳು ಒಣಗಲೆಂದು ಪಕ್ಕದಲ್ಲೇ ಬಿದ್ದಿರುತ್ತದೆ, ಮುಂದಿನ ಮಳೆಗೆ ಅರ್ಧ ಒಳಗೇ ಹೋಗುತ್ತದೆ. ಜಲಮಂಡಳಿಯ ಪೈಪು, ಬೆಸ್ಕಾಂ ಕೇಬಲ್, ಇಂಟರ್ನೆಟ್ಟಿನ ಒಎಫ್‌ಸಿ (ಆಪ್ಟಿಕಲ್ ಫೈಬರ್ ಕೇಬಲ್) ಮೂರೂ ರಸ್ತೆಯಡಿ ಎಲ್ಲೆಲ್ಲೋ ಇರುವುದರಿಂದ ಒಂದೊಂದು ಇಲಾಖೆಯೂ ತನ್ನ ಸರದಿ ಬಂದಾಗ ಅಗೆಯುತ್ತದೆ. ಇಂಥ ಕಡೆ ಎಷ್ಟು ದುಬಾರಿ ಟೈಲ್ ಹಾಕಿದರೂ ಎರಡನೇ ವರ್ಷಕ್ಕೆ ಎದ್ದೇ ಏಳುತ್ತದೆ.

ಟೆಂಡರ್‌ಶ್ಯೂರ್ ಬದಲಿಸಿದ್ದು ಈ ಅಡ್ಡಕೊಯ್ತವನ್ನು, ಅಂದರೆ ರಸ್ತೆಯ ಅಗಲದಲ್ಲೂ ನೆಲದಡಿಯಲ್ಲೂ ಯಾವುದು ಎಲ್ಲಿರಬೇಕು ಎಂಬುದನ್ನು. ವಾಹನದ ಲೇನ್‌ಗಳನ್ನು ರಸ್ತೆಯುದ್ದಕ್ಕೂ ಒಂದೇ ಅಗಲಕ್ಕೆ ಕಟ್ಟಿಹಾಕಿ, ಉಳಿದ ಹೆಚ್ಚುವರಿ ಜಾಗವನ್ನೆಲ್ಲ ಫುಟ್‌ಪಾತ್‌ಗೂ ಪಾರ್ಕಿಂಗ್ ಅಂಕಣಕ್ಕೂ ಕೊಟ್ಟರು. ಒಂದು ಕಡೆ ಮೂರು ಲೇನ್, ಮುಂದೆ ನಾಲ್ಕೂವರೆ, ಮತ್ತೆ ಎರಡಕ್ಕೆ ಇಳಿಯುವ ಬಾಟಲಿ ಕುತ್ತಿಗೆ ಹೋಯಿತು. ಮಳೆನೀರಿಗೆ ಮುಚ್ಚಿದ ಕೊಳವೆ, ಒಳಚರಂಡಿ, ಕುಡಿಯುವ ನೀರು, ವಿದ್ಯುತ್, ಒಎಫ್‌ಸಿ ಎಲ್ಲಕ್ಕೂ ಫುಟ್‌ಪಾತಿನಡಿ ಅವುಗಳದೇ ಜಾಗ, ಅಲ್ಲಲ್ಲಿ ಚೇಂಬರ್. ಹೂಳೆತ್ತಲು ಚೇಂಬರ್ ಮುಚ್ಚಳ ತೆಗೆದರೆ ಸಾಕು. ಹೊಸ ಕೇಬಲ್ ಎಳೆಯಲು ಖಾಲಿ ಡಕ್ಟ್, ಅಂದರೆ ಕೇಬಲ್ ಕೊಳವೆ, ಇದೆ. ಡಾಂಬರು ಮುಟ್ಟುವ ಹಾಗಿಲ್ಲ.

ಹಾಗಿದ್ದೂ ಈ ರಸ್ತೆಗಳಲ್ಲಿ ಅಲ್ಲಲ್ಲಿ ತೇಪೆ ಕಾಣುವುದೇಕೆ? ಮುಖ್ಯ ಕಾರಣ ಅಡ್ಡ ಸಂಪರ್ಕಗಳು. ಉದ್ದದ ಕೊಳವೆ ಹಾಕಿದರೆ ಕೆಲಸ ಮುಗಿಯಲಿಲ್ಲ, ಪ್ರತಿ ಕಟ್ಟಡಕ್ಕೂ, ಖಾಲಿ ನಿವೇಶನಕ್ಕೂ ನೀರು, ಒಳಚರಂಡಿ, ವಿದ್ಯುತ್ತಿನ ಕವಲು ಕೊಳವೆಯನ್ನು ಕಾಂಪೌಂಡಿನ ತನಕ ಮೊದಲೇ ಎಳೆದಿಟ್ಟು ಮುಚ್ಚಳ ಹಾಕಿಡಬೇಕು. ಹಳೆಯ ಬಂಗಲೆ ಕೆಡವಿ ಹತ್ತು ಅಂತಸ್ತು ಏಳಿಸಿದಾಗ ಅದಕ್ಕೆ ದೊಡ್ಡ ವ್ಯಾಸದ ನೀರಿನ ಸಂಪರ್ಕ, ಹೈಟೆನ್ಷನ್ ಕೇಬಲ್ ಬೇಕಾಗುತ್ತದೆ. ಕವಲು ಚಿಕ್ಕದಿದ್ದರೆ ಮತ್ತೆ ರಸ್ತೆ ಕೊಯ್ಯುವ ಗರಗಸ ಬರುತ್ತದೆ. ಇನ್ನೊಂದು ಕಾರಣ ಡಕ್ಟ್ ಬಾಡಿಗೆ. ಡಕ್ಟಿನೊಳಗೆ ಹೋದರೆ ದುಡ್ಡು ಕೊಡಬೇಕು, ಮರದಿಂದ ಮರಕ್ಕೆ ತೂಗುಹಾಕಿದರೆ ಕೇಳುವವರಿಲ್ಲ. ಫುಟ್‌ಪಾತಿನಡಿ ಡಕ್ಟ್ ಇದ್ದೂ ತಲೆಯ ಮೇಲೆ ಕಪ್ಪು ಕೇಬಲ್ಲಿನ ಸುರುಳಿ ಜೋತಾಡುವುದು ಎಂಜಿನಿಯರಿಂಗ್ ತಪ್ಪಲ್ಲ, ವಸೂಲಿಯ ತಪ್ಪು.

ಅಳತೆಗೆ ಬರೋಣ. ಭಾರತೀಯ ರಸ್ತೆ ಕಾಂಗ್ರೆಸ್ಸಿನ ಐಆರ್‌ಸಿ 103 ಪಾದಚಾರಿ ಸೌಲಭ್ಯಗಳ ಮಾರ್ಗಸೂಚಿ. ಅದರ ಪ್ರಕಾರ ವಸತಿ ರಸ್ತೆಯಲ್ಲೂ ಅಡೆತಡೆಯಿಲ್ಲದೆ ನಡೆಯುವ ಪಟ್ಟಿ ಕನಿಷ್ಠ 1.8 ಮೀ. ಅಗಲ, 2.2 ಮೀ. ಎತ್ತರ ಇರಬೇಕು. ವಾಣಿಜ್ಯ ರಸ್ತೆಗಳಿಗೆ 2.5 ಮೀ., ತೀರಾ ಜನಜಂಗುಳಿ ಇರುವಲ್ಲಿ 4 ಮೀ. ಗಮನಿಸಬೇಕಾದ್ದು ‘ಅಡೆತಡೆಯಿಲ್ಲದೆ’ ಎಂಬ ಷರತ್ತು. ಮರ, ದೀಪದ ಕಂಬ, ಟ್ರಾನ್ಸ್‌ಫಾರ್ಮರ್, ಬೆಸ್ಕಾಂ ಪೆಟ್ಟಿಗೆ, ಬೋರ್ಡು ಎಲ್ಲ ಕರ್ಬ್ (ಫುಟ್‌ಪಾತಿನ ಅಂಚುಕಲ್ಲು) ಪಕ್ಕದ ಇನ್ನೊಂದು ಪಟ್ಟಿಯಲ್ಲಿರಬೇಕು. ಮೂರು ಮೀಟರಿನ ಫುಟ್‌ಪಾತಿನ ನಟ್ಟನಡುವೆ ಒಂದು ಮೀಟರಿನ ಹಸಿರು ಪೆಟ್ಟಿಗೆ ಕೂತರೆ ಅದು ಮೂರು ಮೀಟರಿನದಲ್ಲ, ಆ ಜಾಗದಲ್ಲಿ ಒಂದೊಂದು ಮೀಟರಿನ ಎರಡು ಸಂದಿ. ರೆಸಿಡೆನ್ಸಿ ರಸ್ತೆಯ ಉದ್ದಕ್ಕೂ ಈ ವಿಂಗಡಣೆ ಬಹುಮಟ್ಟಿಗೆ ಉಳಿದಿದೆ. ಹೊಸ ಬಡಾವಣೆಗಳ ನಕಲುಗಳಲ್ಲಿ ಮೊದಲು ಬಲಿಯಾಗುವುದೇ ಇದು.

ಕರ್ಬಿನ ಎತ್ತರ 150 ಮಿ.ಮೀ. ಮೀರಬಾರದು. ನಮ್ಮಲ್ಲಿ 300, 350 ಇರುವ ಫುಟ್‌ಪಾತ್‌ಗಳು ಬೇಕಾದಷ್ಟಿವೆ. ಬೈಕುಗಳು ಹತ್ತದಿರಲಿ ಎಂದು ಎತ್ತರಿಸಿದ್ದು ಅನ್ನುತ್ತಾರೆ. ಲೆಕ್ಕ ಹಾಕಿ: ಇಳಿಜಾರು 1:12ರಲ್ಲಿರಬೇಕು, ಅಂದರೆ 150 ಮಿ.ಮೀ.ಗೆ 1.8 ಮೀ. ಉದ್ದದ ರ‍್ಯಾಂಪ್ ಸಾಕು. 300 ಮಿ.ಮೀ.ಗೆ 3.6 ಮೀ. ಬೇಕು, ಅಷ್ಟು ಜಾಗ ಯಾವ ಮೂಲೆಯಲ್ಲಿದೆ? ಹಾಗಾಗಿ ರ‍್ಯಾಂಪನ್ನೇ ಬಿಟ್ಟುಬಿಡುತ್ತಾರೆ, ಇಲ್ಲವೆ ಜಾರುಬಂಡೆಯ ಹಾಗೆ ಮಾಡುತ್ತಾರೆ. ಬೈಕಿನವನು ಗೇಟಿನ ಇಳಿಜಾರಿನಿಂದ ಹೇಗಿದ್ದರೂ ಹತ್ತುತ್ತಾನೆ. ಮಂಡಿನೋವಿನ ಅಜ್ಜಿ ಮಾತ್ರ ಕೆಳಗಿಳಿದು ಡಾಂಬರಿನ ಮೇಲೆ ನಡೆಯುತ್ತಾಳೆ.

ಇದಕ್ಕೆ ತದ್ವಿರುದ್ಧವಾದ ಕಾಯಿಲೆ ಡಾಂಬರಿನದು. ಹಳೆಯ ಪದರವನ್ನು ಮಿಲ್ಲಿಂಗ್ ಯಂತ್ರದಿಂದ ಕೆರೆದು ತೆಗೆಯದೆ ಪ್ರತಿ ಸಲ 40-50 ಮಿ.ಮೀ. ಹೊಸ ಪದರ ಹಾಕಿದರೆ ಮೂರನೇ ಸಲಕ್ಕೆ 150 ಮಿ.ಮೀ. ಕರ್ಬ್ ಮಾಯ. ನೀರು ಚರಂಡಿಗೆ ಹೋಗುವ ಬದಲು ಫುಟ್‌ಪಾತಿಗೆ ನುಗ್ಗುತ್ತದೆ, ಅಲ್ಲಿಂದ ಅಂಗಡಿಗೆ. ವೈಟ್ ಟಾಪಿಂಗ್ ಆದ, ಅಂದರೆ ಡಾಂಬರಿನ ಮೇಲೆ ಕಾಂಕ್ರೀಟ್ ಹಾಸಿದ, ರಸ್ತೆಗಳಲ್ಲಿ ಇದು ಒಂದೇ ಏಟಿಗೆ ಆಗುತ್ತದೆ, ಕಾಂಕ್ರೀಟಿನ ದಪ್ಪವೇ ಅಷ್ಟಿರುತ್ತದೆ. ಆಗ ಪಾಲಿಕೆ ಫುಟ್‌ಪಾತನ್ನೂ ಏರಿಸುತ್ತದೆ, ಅಂಗಡಿಯವನು ಮೆಟ್ಟಿಲು ಕಟ್ಟಿಕೊಳ್ಳುತ್ತಾನೆ, ಆ ಮೆಟ್ಟಿಲು ಫುಟ್‌ಪಾತಿನ ಮೇಲೇ ಬರುತ್ತದೆ. ಟೆಂಡರಿನಲ್ಲಿ ‘ಮುಗಿದ ರಸ್ತೆಯ ಮಟ್ಟ ಈಗಿರುವುದಕ್ಕಿಂತ ಮೇಲೇರಬಾರದು’ ಎಂಬ ಒಂದು ಸಾಲು ಇದ್ದಿದ್ದರೆ ಇಷ್ಟೂ ತಪ್ಪುತ್ತಿತ್ತು.

ಈಗ ಗೇಟಿನ ಮುಂದಿನ ಸೋಲು. ಸರಿಯಾದ ವಿನ್ಯಾಸದಲ್ಲಿ ಫುಟ್‌ಪಾತ್ ಗೇಟಿನ ಮುಂದೆಯೂ ಅದೇ ಮಟ್ಟದಲ್ಲಿ ಸಾಗುತ್ತದೆ. ಕಾರು ಹತ್ತಿ ಇಳಿಯಬೇಕು, ಮನುಷ್ಯ ಅಲ್ಲ. ಇಳಿಜಾರು ಕರ್ಬ್ ಪಕ್ಕದ ಕಂಬ-ಮರಗಳ ಪಟ್ಟಿಯೊಳಗೇ ಮುಗಿಯಬೇಕು. ಸೇಂಟ್ ಮಾರ್ಕ್ಸ್ ರಸ್ತೆ, ರೆಸಿಡೆನ್ಸಿ ರಸ್ತೆಗಳಲ್ಲಿ ಹಾಗೇ ಶುರುವಾಯಿತು. ಆದರೆ ಕಾರು ಹಾಯುವ ಜಾಗಕ್ಕೆ ಬೇಕಾದ ಗಟ್ಟಿತನವೇ ಬೇರೆ. ಕಾಂಕ್ರೀಟ್ ಪೇವರ್‌ಗಳ (ನೆಲಕ್ಕೆ ಹಾಸುವ ಇಟ್ಟಿಗೆಯಂಥ ಬ್ಲಾಕ್) ಭಾರತೀಯ ಮಾನಕ ಐಎಸ್ 15658 ಇದನ್ನು ಸ್ಪಷ್ಟವಾಗಿ ಹೇಳುತ್ತದೆ: ವಾಹನವೇ ಓಡಾಡದ ಜಾಗಕ್ಕೆ 50 ಮಿ.ಮೀ. ದಪ್ಪ, ಹಗುರ ಸಂಚಾರಕ್ಕೆ 60, ಮಧ್ಯಮಕ್ಕೆ 80, ಭಾರಿಗೆ 100. ಗೇಟಿನ ಮುಂದೆಯೂ ಫುಟ್‌ಪಾತಿನದೇ 60ರ ಪೇವರ್ ಎಳೆದುಬಿಟ್ಟರೆ ನೀರಿನ ಟ್ಯಾಂಕರ್ ನಾಲ್ಕು ಸಲ ಹೋಗಿಬಂದಾಗ ಎರಡು ಗಾಲಿಯ ಗೆರೆ ಬೀಳುತ್ತದೆ. ಆ ಗೆರೆಯಲ್ಲಿ ನೀರು ನಿಂತು ಕೆಳಗಿನ ಮರಳು ತೊಳೆದುಹೋಗುತ್ತದೆ. ಆಮೇಲೆ ಕಾಲಿಟ್ಟಾಗ ಕಲ್ಲು ಓಲಾಡಿ ಪ್ಯಾಂಟಿಗೆ ಕೆಸರು ಚಿಮ್ಮುವುದು ಬೆಂಗಳೂರಿನವರಿಗೆಲ್ಲ ಗೊತ್ತಿರುವ ಮಳೆಗಾಲದ ಸಂಗತಿ.

ಪೇವರ್ ಏಳುವುದಕ್ಕೆ ಇನ್ನೂ ಮೂರು ಕಾರಣ ಕೆಲಸ ನಡೆಯುವಾಗಲೇ ಕಾಣುತ್ತವೆ. ಅಂಚಿಗೆ ಬಿಗಿಯಾದ ಕರ್ಬ್ ಕಲ್ಲು ಇಲ್ಲದಿದ್ದರೆ ಇಡೀ ಹಾಸು ನಿಧಾನಕ್ಕೆ ಪಕ್ಕಕ್ಕೆ ಸರಿಯುತ್ತದೆ. ಹಾಸಿನ ಮರಳು 20ರಿಂದ 40 ಮಿ.ಮೀ. ಇರಬೇಕಾದಲ್ಲಿ, ಕೆಳಗಿನ ಏರುಪೇರು ಮುಚ್ಚಲೆಂದು 100 ಮಿ.ಮೀ. ಸುರಿದರೆ ಕುಸಿತ ಗ್ಯಾರಂಟಿ. ಸಂದುಗಳಿಗೆ ಒಣ ಮರಳು ಗುಡಿಸಿ ಕಂಪನ ಯಂತ್ರ ಓಡಿಸದೆ ಬಿಟ್ಟರೆ ಕಲ್ಲು ಕಲ್ಲನ್ನು ಹಿಡಿಯುವುದೇ ಇಲ್ಲ. ಮನೆ ಮುಂದೆ ಕೆಲಸ ನಡೆಯುತ್ತಿದ್ದರೆ ಈ ಮೂರನ್ನು ನೋಡಿಕೊಳ್ಳಿ. ಬಣ್ಣದ ಬಗ್ಗೆ ಜಗಳ ಆಡಬೇಡಿ.

ಚೇಂಬರ್ ಮುಚ್ಚಳದ ಕತೆಯೂ ಇದೇ. ಕಾಂಕ್ರೀಟ್ ಮುಚ್ಚಳಗಳ ಮಾನಕದಲ್ಲಿ ಹಗುರ ದರ್ಜೆ ತಡೆಯುವ ಭಾರ 2.5 ಟನ್, ಮಧ್ಯಮ 10, ಭಾರಿ 20, ಅತಿ ಭಾರಿ 35. ಮುಚ್ಚಳದ ಮೇಲೆಯೇ ಎಲ್‌ಡಿ, ಎಂಡಿ, ಎಚ್‌ಡಿ ಎಂದು ಅಚ್ಚು ಇರುತ್ತದೆ. ಗೇಟಿನ ಮುಂದೆ ಹಗುರ ದರ್ಜೆಯ ಎಲ್‌ಡಿ ಕಂಡರೆ ಅದು ಬಿರುಕು ಬಿಡುವ ದಿನ ದೂರವಿಲ್ಲ.

ಬೊಲಾರ್ಡ್‌ಗಳ (ವಾಹನ ತಡೆಯಲು ಫುಟ್‌ಪಾತಿನಲ್ಲಿ ನೆಡುವ ಗಿಡ್ಡ ಕಂಬ) ಬಗ್ಗೆ ಎಲ್ಲರಿಗೂ ಒಂದು ಅಭಿಪ್ರಾಯ ಇದೆ, ಬಹುತೇಕ ತಪ್ಪು. ಗಾಲಿಕುರ್ಚಿ ಹೋಗಲು ಕನಿಷ್ಠ 900 ಮಿ.ಮೀ. ಸಂದು ಬೇಕು. ಸ್ಕೂಟರಿನ ಹ್ಯಾಂಡಲ್ ಅಗಲ ಸುಮಾರು 700. ಅಂದರೆ ಗಾಲಿಕುರ್ಚಿ ಹೋಗುವ ಯಾವ ಸಂದಿನಲ್ಲೂ ಸ್ಕೂಟರ್ ಆರಾಮಾಗಿ ಹೋಗುತ್ತದೆ. ಬೊಲಾರ್ಡ್ ತಡೆಯುವುದು ಕಾರನ್ನು ಮಾತ್ರ. ಸ್ಕೂಟರ್ ತಡೆಯಲೆಂದು 600ಕ್ಕೆ ಇಳಿಸಿದರೆ ಮೊದಲು ಹೊರಗುಳಿಯುವವರು ಅಂಗವಿಕಲರು ಮತ್ತು ಮಗುವಿನ ಗಾಡಿ ತಳ್ಳುವವರು. ದ್ವಿಚಕ್ರಿಗಳಿಗೆ ಮದ್ದು ದಂಡವೇ, ಕಬ್ಬಿಣದ ಕಂಬವಲ್ಲ. ಕಂಬಕ್ಕೆ 150 ಮಿ.ಮೀ. ಉಬ್ಬಿದ ತಳಪಾಯ ಮಾಡಿ ಕಾಲಿಗೆ ತಡೆ ಇಡುವವರನ್ನಂತೂ ಕ್ಷಮಿಸಲಾಗದು.

ಅಂಧರ ಪಟ್ಟಿಗಳಿಗೆ ನನ್ನ ಅಂಕ ಕಡಿಮೆ. ಉದ್ದ ಗೆರೆಯ 300×300 ಟೈಲ್ ಅಂದರೆ ‘ಮುಂದೆ ಸಾಗಿ’, ಚುಕ್ಕಿಯ ಟೈಲ್ ಅಂದರೆ ‘ನಿಲ್ಲಿ, ಮುಂದೆ ಏನೋ ಇದೆ’. ನಗರದ ತುಂಬ ಚುಕ್ಕಿ ಟೈಲನ್ನೇ ಉದ್ದಕ್ಕೂ ಹಾಸಿದ ಫುಟ್‌ಪಾತ್‌ಗಳಿವೆ. ಗೆರೆ ಪಟ್ಟಿ ನೇರವಾಗಿ ಮರದ ಬುಡಕ್ಕೋ ಕೇಬಲ್ ಪೆಟ್ಟಿಗೆಗೋ ಹೋಗಿ ಮುಗಿಯುವುದೂ ಇದೆ. ಹಳದಿ ಬಣ್ಣ ನೋಡಿ ಬಿಲ್ ಪಾಸು ಮಾಡುವುದರ ಫಲ.

ಬೆಳಕು ಚೆನ್ನಾಗಿದೆ. ಒಂಬತ್ತು ಮೀಟರಿನ ರಸ್ತೆ ದೀಪ ಮರದ ಕೊಂಬೆಗಳ ಮೇಲಿದ್ದು ಫುಟ್‌ಪಾತ್ ಕತ್ತಲಲ್ಲೇ ಉಳಿಯುವುದು ಹಳೆಯ ರಸ್ತೆಗಳ ಪಾಡು. ಇಲ್ಲಿ ನಡೆಯುವವರಿಗೆ ಕೊಂಬೆಗಿಂತ ಕೆಳಗಿನ ಪ್ರತ್ಯೇಕ ದೀಪ ಕೊಟ್ಟಿದ್ದಾರೆ.

ಬೀದಿ ವ್ಯಾಪಾರಿಗಳಿಗೆ ಜಾಗ ಬಿಡದಿದ್ದದ್ದು ದೊಡ್ಡ ಕೊರತೆ. 2014ರ ಬೀದಿ ವ್ಯಾಪಾರಿಗಳ ಕಾಯ್ದೆ ಜನಸಂಖ್ಯೆಯ 2.5 ಶೇಕಡದ ಮಿತಿಯೊಳಗೆ ವ್ಯಾಪಾರಿಗಳಿಗೆ ಜಾಗ ಕೊಡಬೇಕೆನ್ನುತ್ತದೆ. ಕರ್ಬ್ ಪಕ್ಕದ ಪಟ್ಟಿಯಲ್ಲಿ ಎರಡು ಮೀಟರಿನ ಅಂಕಣ ಮೊದಲೇ ಗುರುತಿಸಿದ್ದರೆ ಎಳನೀರಿನವನು, ಹೂವಿನವಳು ಅಲ್ಲಿರುತ್ತಿದ್ದರು, ನಡಿಗೆಯ ಪಟ್ಟಿ ಖಾಲಿಯಿರುತ್ತಿತ್ತು. ಗುರುತಿಸದಿದ್ದರೆ ಅವರು ಇರುವುದಿಲ್ಲ ಎಂದಲ್ಲ, ನಡಿಗೆಯ ಪಟ್ಟಿಯಲ್ಲೇ ಇರುತ್ತಾರೆ.

ದಾಟುವುದು ಹೇಗೆ?

ಮೊದಲ ಕಂತಿನ ಏಳು ರಸ್ತೆಗಳಲ್ಲಿ ರೆಸಿಡೆನ್ಸಿ, ರಿಚ್ಮಂಡ್, ಸೇಂಟ್ ಮಾರ್ಕ್ಸ್ ರಸ್ತೆಗಳು ಏಕಮುಖ. ಏಕಮುಖದಲ್ಲಿ ಮೀಡಿಯನ್ ಇರುವುದಿಲ್ಲ, ಹಾಗಾಗಿ ನಡುವೆ ನಿಂತು ಉಸಿರು ಬಿಡುವ ಜಾಗವೂ ಇಲ್ಲ. ನಾಲ್ಕು ಲೇನ್, ಸುಮಾರು 13 ಮೀ. ಅಂದುಕೊಳ್ಳಿ. ಸಿಗ್ನಲ್ ಲೆಕ್ಕಕ್ಕೆ ಹಿಡಿಯುವ ನಡಿಗೆಯ ವೇಗ ಸೆಕೆಂಡಿಗೆ 1.2 ಮೀ., ಅಂದರೆ ದಾಟಲು 11 ಸೆಕೆಂಡು. ಆ 11 ಸೆಕೆಂಡಿನಲ್ಲಿ 40 ಕಿ.ಮೀ. ವೇಗದ ಕಾರು 120 ಮೀ. ಬಂದಿರುತ್ತದೆ. ವಯಸ್ಸಾದವರು ಸೆಕೆಂಡಿಗೆ 0.9 ಮೀ. ನಡೆದರೆ 160 ಮೀಟರಿನಷ್ಟು ಖಾಲಿ ರಸ್ತೆ ಬೇಕು. ಸಂಜೆ ಆರಕ್ಕೆ ರಿಚ್ಮಂಡ್ ರಸ್ತೆಯಲ್ಲಿ 160 ಮೀಟರ್ ಖಾಲಿ ಎಲ್ಲಿ ಸಿಗುತ್ತದೆ ಹೇಳಿ. ಫುಟ್‌ಪಾತ್ ಚೆನ್ನಾದಷ್ಟೂ, ಲೇನ್ ನೇರವಾದಷ್ಟೂ ವಾಹನಗಳು ವೇಗ ಪಡೆಯುತ್ತವೆ. ಈ ಅಡ್ಡಪರಿಣಾಮಕ್ಕೆ ಟೆಂಡರ್‌ಶ್ಯೂರ್ ಬಳಿ ಪೂರ್ತಿ ಉತ್ತರ ಇಲ್ಲ.

ವಿಶ್ವ ಆರೋಗ್ಯ ಸಂಸ್ಥೆಯ ಲೆಕ್ಕದಲ್ಲಿ ಡಿಕ್ಕಿಯ ವೇಗ 50ರಿಂದ 65 ಕಿ.ಮೀ.ಗೆ ಏರಿದರೆ ಪಾದಚಾರಿ ಸಾಯುವ ಅಪಾಯ 4.5 ಪಟ್ಟಾಗುತ್ತದೆ. 2022ರಲ್ಲಿ ದೇಶದ ರಸ್ತೆಗಳಲ್ಲಿ ಸತ್ತ 1,68,491 ಮಂದಿಯಲ್ಲಿ 32,825 ಪಾದಚಾರಿಗಳು. ಆದ್ದರಿಂದ ದಾಟುವ ಜಾಗದಲ್ಲಿ ಬೇಕಾದ್ದು ವೇಗ ಇಳಿಸುವ ನಿರ್ಮಾಣ, ಬರೀ ಬಿಳಿ ಪಟ್ಟೆಯಲ್ಲ. ಅದಕ್ಕೆ ಇರುವ ಉತ್ತಮ ಸಾಧನ ಟೇಬಲ್‌ಟಾಪ್: ರಸ್ತೆಯೇ ಫುಟ್‌ಪಾತಿನ ಮಟ್ಟಕ್ಕೆ, 150 ಮಿ.ಮೀ. ಏರಿ, ಮೇಲೆ ಚಪ್ಪಟೆಯಾಗಿ ಸಾಗಿ ಇಳಿಯುವುದು. ಅದರ ಮೇಲೆ ಜೀಬ್ರಾ ಪಟ್ಟೆ, 500 ಮಿ.ಮೀ. ಅಗಲದ ಗೆರೆಗಳು, ಸಾಧಾರಣ ಪೇಂಟ್ ಅಲ್ಲ, ಗಾಜಿನ ಮಣಿ ಸೇರಿಸಿದ 2.5 ಮಿ.ಮೀ. ದಪ್ಪದ ಥರ್ಮೋಪ್ಲಾಸ್ಟಿಕ್.

ಟೇಬಲ್‌ಟಾಪ್‌ಗೆ ಎಂಜಿನಿಯರುಗಳ ಆಕ್ಷೇಪ ಎರಡು, ಎರಡಕ್ಕೂ ಉತ್ತರ ಇದೆ. ನೀರು ನಿಲ್ಲುತ್ತದೆ ಅನ್ನುತ್ತಾರೆ. ಹೌದು, ಇಳಿಜಾರಿನ ಮೇಲ್ಬದಿಯಲ್ಲಿ ಕರ್ಬಿಗೆ ತಾಗಿ ನೀರಿನ ಬಾಯಿ ಕೊಡದಿದ್ದರೆ ನಿಂತೇ ನಿಲ್ಲುತ್ತದೆ. ಟೇಬಲ್‌ಟಾಪ್ ಕಟ್ಟುವ ಮೊದಲು ಆ ಬಾಯಿ ಮಾಡಬೇಕು. ಬಸ್ಸಿನ ತಳ ತಾಗುತ್ತದೆ ಎಂಬುದು ಇನ್ನೊಂದು. ಬಸ್ಸು ಓಡುವ ರಸ್ತೆಯಲ್ಲಿ ಇಳಿಜಾರನ್ನು 1:20ಕ್ಕೆ ಎಳೆದರೆ ಸಾಕು, 150 ಮಿ.ಮೀ.ಗೆ ಮೂರು ಮೀಟರ್. ನಿಜವಾಗಿ ತಳ ಕೆರೆಯುವುದು ರಾತ್ರೋರಾತ್ರಿ ಎದ್ದ ಅಡ್ಡಾದಿಡ್ಡಿ ಹಂಪ್‌ಗಳು. ಐಆರ್‌ಸಿ 99 ಹೇಳುವ ಹಂಪ್ 3.7 ಮೀ. ಉದ್ದ, 100 ಮಿ.ಮೀ. ಎತ್ತರ, 25 ಕಿ.ಮೀ. ವೇಗಕ್ಕೆ. ನಮ್ಮ ಗಲ್ಲಿಯಲ್ಲಿರುವುದು ಅರ್ಧ ಮೀಟರ್ ಉದ್ದದ ದಿಣ್ಣೆ.

ಇನ್ನು ಸ್ಕೈವಾಕ್. ಪಾಲಿಕೆ ಹತ್ತಾರು ವರ್ಷ ಪಾದಚಾರಿ ಸುರಕ್ಷತೆಯ ಹೆಸರಲ್ಲಿ ಹೆಚ್ಚು ತೀರ್ಮಾನಿಸಿದ್ದು ಇದನ್ನೇ. ಖಾಸಗಿಯವರು ಕಟ್ಟುತ್ತಾರೆ, ಜಾಹೀರಾತಿನಿಂದ ದುಡಿಯುತ್ತಾರೆ, ಪಾಲಿಕೆಗೆ ಖರ್ಚಿಲ್ಲ. ಹಾಗಾಗಿ ಸ್ಕೈವಾಕ್ ಎದ್ದದ್ದು ಜನ ದಾಟುವ ಕಡೆಗಿಂತ ಬೋರ್ಡು ಚೆನ್ನಾಗಿ ಕಾಣುವ ಕಡೆ. ರಸ್ತೆಯ ಮೇಲೆ 5.5 ಮೀ. ತೆರವು, ಅದರ ಮೇಲೆ ತೊಲೆ ಒಂದು ಮೀಟರ್ ಅಂದರೆ 6.5 ಮೀ. ಎತ್ತರ. 150 ಮಿ.ಮೀ.ನ ಮೆಟ್ಟಿಲಾದರೆ ಹತ್ತಲು 43, ಇಳಿಯಲು 43. ಹನ್ನೊಂದು ಸೆಕೆಂಡಿನ ಕೆಲಸಕ್ಕೆ ಎರಡು ಮೂರು ನಿಮಿಷ, ತರಕಾರಿ ಚೀಲದ ಸಮೇತ. ಲಿಫ್ಟ್ ಇದೆ ಅನ್ನುತ್ತಾರೆ. ಅದಕ್ಕೆ ಕರೆಂಟು, ಕಾವಲು, ವಾರ್ಷಿಕ ನಿರ್ವಹಣೆ ಗುತ್ತಿಗೆ ಮೂರೂ ಇದ್ದರೆ ಓಡುತ್ತದೆ. ಇದಕ್ಕಿಂತ ಕೆಟ್ಟದ್ದು, ಮೆಟ್ಟಿಲಿನ ಕಾಲು ಇಳಿಯುವುದು ಫುಟ್‌ಪಾತಿನ ಮೇಲೆ. ಮೂರು ಮೀಟರಿನಲ್ಲಿ ಎರಡು ಮೀಟರ್ ಮೆಟ್ಟಿಲಿಗೆ ಹೋದರೆ, ದಾಟದವನೂ ರಸ್ತೆಗಿಳಿಯಬೇಕು. ಹೊರ ವರ್ತುಲ ರಸ್ತೆ, ಹೆದ್ದಾರಿಗಳಂಥ ಕಡೆ ಬೇರೆ ದಾರಿಯಿಲ್ಲ, ಒಪ್ಪೋಣ. ನಗರದೊಳಗಿನ ನಾಲ್ಕು ಲೇನಿಗೆ ಒತ್ತುಗುಂಡಿಯ ಪೆಲಿಕಾನ್ ಸಿಗ್ನಲ್ ಸಾಕು. ಅದರಲ್ಲೂ ಗುಂಡಿ ಒತ್ತಿದ ಮೇಲೆ ಒಂದೂವರೆ ನಿಮಿಷ ಕಾಯಿಸಿದರೆ ಜನ ನಡುವೆಯೇ ನುಗ್ಗುತ್ತಾರೆ. ಅರ್ಧ ನಿಮಿಷದೊಳಗೆ ಹಸಿರು ಸಿಗಬೇಕು.

ಚರ್ಚ್ ಸ್ಟ್ರೀಟ್

ಬ್ರಿಗೇಡ್ ರಸ್ತೆಯಿಂದ ಸೇಂಟ್ ಮಾರ್ಕ್ಸ್ ರಸ್ತೆಗೆ ಹೋಗುವ ಮುಕ್ಕಾಲು ಕಿ.ಮೀ. ಕೂಡ ಇಲ್ಲದ ಈ ಬೀದಿಗೆ 2018ರ ಮಾರ್ಚ್ 1ರಂದು ಹೊಸ ರೂಪ ಸಿಕ್ಕಿತು. ಡಾಂಬರು ತೆಗೆದು ಗ್ರಾನೈಟ್ ಗುಂಡುಗಲ್ಲು ಹಾಸಿದರು. ನಡಿಗೆಗೆ, ಪುಸ್ತಕದಂಗಡಿಗಳ ಮುಂದೆ ನಿಲ್ಲುವುದಕ್ಕೆ ಇಷ್ಟು ಒಳ್ಳೆಯ ಬೀದಿ ಊರಲ್ಲಿ ಇನ್ನೊಂದಿಲ್ಲ. ವಾಹನ ತಾನಾಗಿ ನಿಧಾನಿಸುತ್ತದೆ, ಗುಂಡುಗಲ್ಲಿನ ನಡುಕವೇ ಹಂಪ್ ಕೆಲಸ ಮಾಡುತ್ತದೆ.

ಕೊರತೆ ಎರಡು. ಗುಂಡುಗಲ್ಲಿನ ಮೇಲೆ ಕಾರು ಬ್ರೇಕ್ ಹಾಕುವ, ತಿರುಗುವ ಜಾಗಗಳಲ್ಲಿ ಸಂದಿನ ಗಾರೆ ಬಿಡುತ್ತದೆ, ಒಂದು ಕಲ್ಲು ಸಡಿಲವಾದರೆ ಸುತ್ತಲಿನ ಹತ್ತು ಸಡಿಲವಾಗುತ್ತವೆ. ಆರು ತಿಂಗಳಿಗೊಮ್ಮೆ ಸಂದು ತುಂಬುವ ಗುತ್ತಿಗೆ ಬೇಕಿತ್ತು. ಎರಡನೆಯದು ತೀರ್ಮಾನಕ್ಕೆ ಸಂಬಂಧಿಸಿದ್ದು. 2020ರ ನವೆಂಬರಿನಿಂದ ನಗರ ಭೂಸಾರಿಗೆ ನಿರ್ದೇಶನಾಲಯ ವಾರಾಂತ್ಯಗಳಲ್ಲಿ ವಾಹನ ನಿಲ್ಲಿಸಿ ಬೀದಿಯನ್ನು ನಡೆಯುವವರಿಗೆ ಬಿಟ್ಟು ನೋಡಿತು. ಗಾಳಿಯ ಗುಣಮಟ್ಟವನ್ನೂ ಅಳೆದರು. ಪ್ರಯೋಗ ಅಲ್ಲಿಗೇ ನಿಂತಿತು. ಕಾರಿಗೆ ತೆರೆದಿಟ್ಟುಕೊಂಡೇ ಕಾರಿಗಾಗದ ಕಲ್ಲು ಹಾಕಿದ್ದು ಅರ್ಧ ತೀರ್ಮಾನ.

ಸ್ಮಾರ್ಟ್ ಸಿಟಿ ಹಣದಲ್ಲಿ ಆದ ಕಮರ್ಷಿಯಲ್ ಸ್ಟ್ರೀಟ್ ಕೆಲಸವನ್ನು ಇದರೊಂದಿಗೆ ಹೋಲಿಸಿದರೆ ಚರ್ಚ್ ಸ್ಟ್ರೀಟ್ ಎಷ್ಟೋ ವಾಸಿ. ಅಲ್ಲಿ 2021ರ ಮಳೆಗೇ ಹಾಸು ಕೆಟ್ಟು ಮರುಕೆಲಸ ಮಾಡಬೇಕಾಯಿತು.

ಬಸ್ ತಂಗುದಾಣ, ಶೌಚಾಲಯ

ತಂಗುದಾಣವನ್ನು ಫುಟ್‌ಪಾತಿನ ಮಧ್ಯೆ ಇಟ್ಟು ಹಿಂದೆ ಗೋಡೆ ಸೇರಿಸುವುದು ನಗರದ ಹಳೆಯ ಚಾಳಿ. ಹಿಂದೆ 1.8 ಮೀ. ಬಿಡಬೇಕು. ಜಾಗ ಇಲ್ಲದಿದ್ದರೆ ಪಾರ್ಕಿಂಗ್ ಅಂಕಣದ ಅಗಲವನ್ನು ತಂಗುದಾಣಕ್ಕೆ ಕೊಡಿ, ಬಸ್ಸು ಲೇನಿನಲ್ಲೇ ನಿಲ್ಲುತ್ತದೆ, ಮತ್ತೆ ನುಗ್ಗಿ ಸೇರಿಕೊಳ್ಳುವ ಕಷ್ಟವೂ ತಪ್ಪುತ್ತದೆ.

ಶೌಚಾಲಯದಲ್ಲಿ ಟೆಂಡರ್‌ಶ್ಯೂರ್ ರಸ್ತೆಗಳೂ ಪಾಸಾಗುವುದಿಲ್ಲ. ನಗರದಲ್ಲಿ ನಾಣ್ಯ ಹಾಕುವ ಇ-ಟಾಯ್ಲೆಟ್ ಪೆಟ್ಟಿಗೆಗಳು ಬಂದವು. ನಾಣ್ಯದ ಬಾಯಿ ಕಟ್ಟಿಕೊಂಡರೆ, ಕರೆಂಟು ಹೋದರೆ, ಮೇಲಿನ ಟ್ಯಾಂಕಿಗೆ ನೀರು ಬರದಿದ್ದರೆ ಬಾಗಿಲೇ ತೆರೆಯುವುದಿಲ್ಲ. ಗಾಲಿಕುರ್ಚಿ ತಿರುಗಲು 1.5 ಮೀ. ವೃತ್ತ, 900 ಮಿ.ಮೀ. ಬಾಗಿಲು ಬೇಕು, ಆ ಪೆಟ್ಟಿಗೆಯಲ್ಲಿ ಅದು ಸಾಧ್ಯವೇ ಇಲ್ಲ. ಕಾವಲುಗಾರ ಇರುವ ಹಳೆಯ ಮಾದರಿಯ ಕಟ್ಟಡವೇ ವಾಸಿ, ಬಾಗಿಲು ಬೀದಿಗೆ ಕಾಣುವಂತಿದ್ದರೆ, ಮಹಿಳೆಯರ ಬದಿ ರಾತ್ರಿ ಹತ್ತರವರೆಗೆ ತೆರೆದಿದ್ದರೆ, ಒಳಚರಂಡಿ ಚೇಂಬರ್ ಹತ್ತಿರವಿದ್ದರೆ. ಜಾಗ ಆರಿಸುವಾಗ ಕೊನೆಯದನ್ನು ನೋಡದೆ ಪಾರ್ಕಿನ ಹಿಂಬದಿಗೆ ತಳ್ಳುವುದರಿಂದಲೇ ಅರ್ಧ ಶೌಚಾಲಯಗಳು ಬೀಗ ಹಾಕಿಕೊಂಡಿರುವುದು.

ಯಾರ ತೀರ್ಮಾನ, ಯಾರಿಗೆ ದೂರು

ಚುನಾಯಿತ ಕೌನ್ಸಿಲ್‌ನ ಅವಧಿ 2020ರ ಸೆಪ್ಟೆಂಬರಿನಲ್ಲಿ ಮುಗಿದ ಮೇಲೆ ಫುಟ್‌ಪಾತಿನ ಬಗ್ಗೆ ಸಭೆಯಲ್ಲಿ ಜಗಳವಾಡಲು ಕಾರ್ಪೊರೇಟರೇ ಇರಲಿಲ್ಲ, ಆಡಳಿತಾಧಿಕಾರಿ, ಆಯುಕ್ತರದೇ ಮಾತು. 2025ರ ಸೆಪ್ಟೆಂಬರ್ 2ರಿಂದ ಗ್ರೇಟರ್ ಬೆಂಗಳೂರು ಪ್ರಾಧಿಕಾರದಡಿ ಐದು ಪಾಲಿಕೆಗಳಾಗಿವೆ, ಇಲ್ಲಿ ಹೇಳಿದ ರಸ್ತೆಗಳು ಬಹುತೇಕ ಕೇಂದ್ರ ಪಾಲಿಕೆಯ ಪಾಲು. ಅದೇ ವರ್ಷದ ಮೇ 14ರಂದು ಸುಪ್ರೀಂ ಕೋರ್ಟ್ ಫುಟ್‌ಪಾತ್ ಬಳಸುವ ಹಕ್ಕು ಸಂವಿಧಾನದ 21ನೇ ವಿಧಿಯ ಬದುಕುವ ಹಕ್ಕಿನ ಭಾಗ ಎಂದಿದೆ. ದೂರಿನಲ್ಲಿ ಈ ಒಂದು ಸಾಲು ಸೇರಿಸಿದರೆ ಕಡತಕ್ಕೆ ತೂಕ ಬರುತ್ತದೆ.

ಕಲ್ಲು, ಕರ್ಬ್, ಮಳೆನೀರಿನ ಬಾಯಿ, ಒತ್ತುವರಿ ಪಾಲಿಕೆಯದು, 1533ಕ್ಕೆ ಹೇಳಿ. ಒಳಚರಂಡಿ ಮ್ಯಾನ್‌ಹೋಲ್ ಮತ್ತು ನೀರಿನ ಪೈಪಿಗೆ ಜಲಮಂಡಳಿಯ 1916. ಟ್ರಾನ್ಸ್‌ಫಾರ್ಮರ್, ಕೇಬಲ್ ಪೆಟ್ಟಿಗೆಗೆ ಬೆಸ್ಕಾಂ 1912. ಫುಟ್‌ಪಾತ್ ಮೇಲಿನ ಬೈಕು, ಪಾರ್ಕಿಂಗ್, ಸಿಗ್ನಲ್ ಸಮಯ ಸಂಚಾರ ಪೊಲೀಸರದು, ಅವರ ಅಸ್ತ್ರಂ ಆ್ಯಪ್‌ನಲ್ಲಿ ಫೋಟೊ ಹಾಕಬಹುದು. ತಪ್ಪು ಇಲಾಖೆಗೆ ಹೋದ ದೂರು ‘ನಮ್ಮ ವ್ಯಾಪ್ತಿಗೆ ಬರುವುದಿಲ್ಲ’ ಎಂಬ ಷರಾದೊಂದಿಗೆ ಮುಗಿಯುತ್ತದೆ. ‘ಫುಟ್‌ಪಾತ್ ಸರಿಯಿಲ್ಲ’ ಎಂದು ಬರೆಯಬೇಡಿ. ಯಾವ ಕಟ್ಟಡದ ಎದುರು, ಯಾವ ಬದಿ, ಉಳಿದಿರುವ ಅಗಲ ಎಷ್ಟು ಸೆಂ.ಮೀ., ಕರ್ಬ್ ಎಷ್ಟು ಎತ್ತರ ಎಂದು ಟೇಪ್ ಹಿಡಿದ ಫೋಟೊ ಸಮೇತ ಬರೆಯಿರಿ. ಗುಂಡಿ ಬೇರೊಬ್ಬರು ಅಗೆದದ್ದಾದರೆ ಅಗೆತದ ಅನುಮತಿಯ ಪ್ರತಿ ಕೇಳಿ. ಯಾರು, ಎಷ್ಟು ಮೀಟರ್, ಯಾವ ದಿನದೊಳಗೆ ಮುಚ್ಚಬೇಕು ಎಂಬುದು ಅದರಲ್ಲಿರುತ್ತದೆ.

ಹೊಸದಾಗಿ ಆದ ಫುಟ್‌ಪಾತಿಗೆ ಇನ್ನೂ ಒಂದು ಹಿಡಿತ ಇದೆ. ಗುತ್ತಿಗೆದಾರನಿಗೆ ದೋಷ ಹೊಣೆಗಾರಿಕೆ ಅವಧಿ ಇರುತ್ತದೆ, ಡಿಎಲ್‌ಪಿ ಅನ್ನುತ್ತಾರೆ. ಆ ಅವಧಿಯಲ್ಲಿ ಎದ್ದ ಕಲ್ಲು, ಒಡೆದ ಮುಚ್ಚಳ, ಕುಸಿದ ಹಾಸು ಎಲ್ಲವನ್ನೂ ಅವನೇ ಸ್ವಂತ ಖರ್ಚಿನಲ್ಲಿ ಸರಿಮಾಡಬೇಕು. ಕಾಮಗಾರಿ ಮುಗಿದ ದಿನಾಂಕ ಮತ್ತು ಡಿಎಲ್‌ಪಿ ಮುಗಿಯುವ ದಿನಾಂಕ ಎರಡನ್ನೂ ಮಾಹಿತಿ ಹಕ್ಕಿನಲ್ಲಿ ಹತ್ತು ರೂಪಾಯಿ ಶುಲ್ಕ ಕಟ್ಟಿ ಕೇಳಬಹುದು. ಮುಗಿಯಲು ಎರಡು ಮೂರು ತಿಂಗಳಿರುವಾಗ ಒಂದು ಭಾನುವಾರ ಇಡೀ ರಸ್ತೆಯ ದೋಷಗಳ ಪಟ್ಟಿ ಮಾಡಿ, ವಾರ್ಡಿನ ಸಹಾಯಕ ಕಾರ್ಯಪಾಲಕ ಎಂಜಿನಿಯರಿಗೆ ಲಿಖಿತವಾಗಿ ಕೊಟ್ಟು ಸ್ವೀಕೃತಿ ಮೊಹರು ಹಾಕಿಸಿಕೊಳ್ಳಿ. ಮೊಹರು ಬಿದ್ದ ಪತ್ರ ಕಡತದಲ್ಲಿದ್ದರೆ ಅದಕ್ಕೆ ಉತ್ತರ ಬರೆಯದೆ ಗುತ್ತಿಗೆದಾರನ ಭದ್ರತಾ ಠೇವಣಿ ಬಿಡುಗಡೆಗೆ ಸಹಿ ಹಾಕಲು ಅಧಿಕಾರಿ ಹಿಂದೆಮುಂದೆ ನೋಡುತ್ತಾನೆ.